ಹಳೇ ಆಲ್ಟೋ ಒಮ್ಮೊಮ್ಮೆ ಚಾಲೂ ಆಗಲ್ಲ: ಎಲ್ಲಿಂದ ಹುಡುಕಬೇಕು?

ಕೇಳಿದವರು, ಕಲಬುರಗಿ

2008ರ ಆಲ್ಟೋ ಎಲ್‌ಎಕ್ಸ್, ಪೆಟ್ರೋಲ್. ಮುಂಜಾನೆ ಒಂದೇ ಸೆಲ್ಫಿಗೆ ಚಾಲೂ ಆಗ್ತದ. ಜೇವರ್ಗಿ ತನಕ ಹೋಗಿ ಬಂದು, ಸೂಪರ್ ಮಾರ್ಕೆಟ್ ಹತ್ರ ಹತ್ತು-ಹದಿನೈದು ನಿಮಿಷ ನಿಲ್ಲಿಸಿ ಮತ್ತೆ ಚಾವಿ ತಿರುವಿದ್ರ ಒಮ್ಮೊಮ್ಮೆ ಬರೀ ‘ಟಕ್’ ಅಂತದ, ಮುಂದೆ ಏನಿಲ್ಲ. ಅರ್ಧ ತಾಸು ಬಿಟ್ರ ಏನೂ ಆಗೇ ಇಲ್ಲ ಅನ್ನೋಹಂಗ ಚಾಲೂ. ಗ್ಯಾರೇಜಿಗೆ ಒಯ್ದಾಗ ಮಾತ್ರ ಒಮ್ಮೆನೂ ಕೈಕೊಡಲ್ಲ. ಒಬ್ರು ಬ್ಯಾಟರಿ ಹೊಸದು ಹಾಕಿದ್ರು, ಇನ್ನೊಬ್ರು ಸೆಲ್ಫ್ ಪೂರ್ತಿ ಬದಲಿಸ್ರಿ ಅಂತಾರ, ಮೂರನೇದವರು ಪೆಟ್ರೋಲ್ ಪಂಪ್ ಅಂತಾರ. ಮತ್ತೆ ದುಡ್ಡು ಹಾಕೋ ಮೊದಲು ನಾನೇ ಏನೇನು ನೋಡಬಹುದು, ಹೇಳ್ರಿ. ಮನೆಯಾಗ ಮಲ್ಟಿಮೀಟರ್ ಅದ.

ಆಟೋ ಎಲೆಕ್ಟ್ರಿಕಲ್ ಕೆಲಸದವರು, ಹುಮನಾಬಾದ್

‘ಟಕ್’ ಅಂತ ನಿಂತರೆ ಪೆಟ್ರೋಲ್ ಪಂಪ್ ಮಾತೇ ಬರಂಗಿಲ್ಲ ಅಣ್ಣಾರ. ಪಂಪ್ ಹೋದ್ರ ಇಂಜಿನ್ ಗರಗರ ತಿರುಗ್ತದ, ಹಿಡಿಯಂಗಿಲ್ಲ. ನಿಮ್ಮದು ತಿರುಗೋದೇ ಇಲ್ಲ. ಇವೆರಡು ಬ್ಯಾರೆ ಬ್ಯಾರೆ ರೋಗ. ಗ್ಯಾರೇಜಿನಾಗ “ಸ್ಟಾರ್ಟ್ ಆಗಲ್ಲ” ಅಂತ ಒಂದೇ ಮಾತು ಹೇಳಿದ್ರ ಅವರವರಿಗೆ ತಿಳಿದ ಪಾರ್ಟ್ ಬದಲಿಸ್ತಾರ, ಅಷ್ಟೇ.

ಮತ್ತೆ ಕೈಕೊಟ್ಟಾಗ ಅಲ್ಲೇ ನಿಂತು ಹೆಡ್‌ಲೈಟ್ ಹಾಕಿ ಚಾವಿ ತಿರುವ್ರಿ. ಲೈಟ್ ಪೂರ್ತಿ ಮಂಕಾದ್ರ ಬ್ಯಾಟರಿ ಸೋತದ, ಟರ್ಮಿನಲ್ ಸಡಿಲ ಅದ, ಇಲ್ಲಾ ಸೆಲ್ಫ್ ಮೋಟಾರ್ ಒಳಗ ಜಾಮ್ ಆಗಿ ವಿಪರೀತ ಕರೆಂಟ್ ಎಳೀಲಿಕತ್ತದ. ಲೈಟ್ ಇದ್ದಂಗೇ ಇದ್ದು ಬರೀ ‘ಟಕ್’ ಅಂದ್ರ ಕರೆಂಟ್ ಮೋಟಾರ್ ತನಕ ಹೋಗ್ತಾನೇ ಇಲ್ಲ. ಸಪ್ಪಳನೂ ಕೇಳ್ರಿ. ‘ಟಕಟಕಟಕ’ ಅಂತ ಬಡಕೊಂಡ್ರ ವೋಲ್ಟೇಜ್ ಕುಸೀಲಿಕತ್ತದ: ಸೋಲೆನಾಯ್ಡ್ (ಸೆಲ್ಫ್ ಮೋಟಾರಿಗೆ ಕರೆಂಟ್ ಕೂಡಿಸೋ ಕಾಯಿಲ್ ಸ್ವಿಚ್) ಹಿಡೀತದ, ಮೋಟಾರ್ ಕರೆಂಟ್ ಎಳೆದ ಕೂಡಲೇ ಬಿಡ್ತದ, ಮತ್ತೆ ಹಿಡೀತದ. ಒಂದೇ ‘ಟಕ್’ ಆದ್ರ ಸೋಲೆನಾಯ್ಡ್ ಕಾಂಟ್ಯಾಕ್ಟ್, ಕಾರ್ಬನ್ ಬ್ರಷ್ (ಮೋಟಾರಿನ ತಿರುಗೋ ಭಾಗಕ್ಕ ಕರೆಂಟ್ ಮುಟ್ಟಿಸೋ ತುಣುಕು), ಇಲ್ಲಾ ಚಾವಿ ಕಡೆಯಿಂದ ಬರೋ ಸಣ್ಣ ವೈರಿನ ವೋಲ್ಟೇಜ್ ಕಮ್ಮಿ. ಸಪ್ಪಳನೇ ಇಲ್ಲ ಅಂದ್ರ ಇಗ್ನಿಷನ್ ಸ್ವಿಚ್, ಫ್ಯೂಸ್ ಅಥವಾ ಕಡಿದ ವೈರ್.

ಗ್ಯಾರೇಜಿನಾಗ ಕೈಕೊಡಲ್ಲ ಅಂದ್ರಲ್ಲ, ಅದಕ್ಕ ಮೀಟರನ್ನೇ ಗಾಡಿಯೊಳಗ ಕೂಡ್ರಿಸ್ರಿ. ಸೋಲೆನಾಯ್ಡಿನ ಮ್ಯಾಲ ಎರಡು ದಪ್ಪ ಬೋಲ್ಟ್ ಇರ್ತಾವ, ಒಂದು ಬ್ಯಾಟರಿಯಿಂದ ಬರೋದು, ಇನ್ನೊಂದು ಮೋಟಾರ್ ಒಳಗ ಹೋಗೋದು. ಅವಲ್ಲದೇ ಒಂದು ಸಣ್ಣ ವೈರಿನ ಕನೆಕ್ಟರ್ ಇರ್ತದ, ಅದಕ್ಕ ಎಸ್ ಟರ್ಮಿನಲ್ ಅಂತೀವಿ. ಬ್ಯಾಟರಿ ಮೈನಸ್ ತೆಗೆದಿಟ್ಟು, ಎಸ್ ಕನೆಕ್ಟರಿನ ಹಿಂದಿನಿಂದ ಸಣ್ಣ ವೈರ್ ಸಿಗಿಸಿ, ಅದೇ ತುದೀಗೆ 1 ಆಂಪ್ ಫ್ಯೂಸ್ ಹಾಕಿ, ಎರಡು ಮೀಟರ್ ಉದ್ದ ವೈರನ್ನು ಬಾನೆಟ್ ಅಂಚಿನಿಂದ ಕಿಟಕಿಯೊಳಗ ತಗೊಂಡು ಬರ್ರಿ. ಮೋಟಾರ್ ಬೋಲ್ಟಿಗೂ ಹಂಗೇ ಒಂದು ವೈರ್. ಎರಡನ್ನೂ ಸೈಲೆನ್ಸರ್, ಬೆಲ್ಟ್, ಫ್ಯಾನ್‌ನಿಂದ ದೂರ ಕಟ್ರಿ. ಕಪ್ಪು ಪ್ರೋಬಿಗೆ ಬಾಡಿ ಅರ್ತ್. ಕೈಕೊಟ್ಟ ಗಳಿಗ್ಯಾಗ ಚಾವಿ ತಿರುವಿ ಹಿಡಿದು ಬ್ಯಾಟರಿ, ಎಸ್, ಮೋಟಾರ್ ಬೋಲ್ಟ್, ಮೂರೂ ಅಂಕಿ ಬರಕೊಳ್ರಿ. ಐದು ಸೆಕೆಂಡ್‌ಗಿಂತ ಹೆಚ್ಚು ಹಿಡೀಬ್ಯಾಡ್ರಿ, ಸೋಲೆನಾಯ್ಡ್ ಕಾಯಿಲ್ ಸುಡ್ತದ.

ಎಸ್ ಹತ್ರ 10.5ಕ್ಕಿಂತ ಮ್ಯಾಲ ಬಂದೂ ಮೋಟಾರ್ ಬೋಲ್ಟಿಗೆ ಸೊನ್ನೆ ಇದ್ರ ಸೋಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಾವ. ಮೋಟಾರ್ ಬೋಲ್ಟಿಗೆ 12 ಬಂದೂ ತಿರುಗಲಿಲ್ಲ ಅಂದ್ರ ಬ್ರಷ್, ಇಲ್ಲಾ ಆರ್ಮೇಚರ್ (ಮೋಟಾರಿನ ತಿರುಗೋ ಭಾಗ). ಎಸ್ ಹತ್ರನೇ 7-8 ಬಂದ್ರ ಸೆಲ್ಫ್ ಮುಟ್ಟಬ್ಯಾಡ್ರಿ, ಅದರ ತಪ್ಪಿಲ್ಲ.

ಬೀದರ್, ನೌಬಾದ್

ಮೇಲಿನದಕ್ಕೆ ಮೊದಲು ಅರ್ಧ ತಾಸಿನ ಕೆಲಸ ಒಂದಿದೆ, ಅದನ್ನು ಬಿಡಬೇಡಿ. ಹೊಸ ಬ್ಯಾಟರಿ ಹಾಕಿದವರು ಹಳೇ ಕ್ಲಾಂಪನ್ನೇ ಬಿಗಿದಿರುತ್ತಾರೆ. ಕ್ಲಾಂಪ್ ತೆಗೆದು ಒಳಮೈ ನೋಡಿ. ಸೀಸದ ಹೊಳಪು ಕಾಣಬೇಕು, ಕಪ್ಪು ಪೊರೆ ಕಂಡರೆ ಎಮರಿ ಕಾಗದದಿಂದ ಉಜ್ಜಿ. ಬಿಳಿ-ಹಸಿರು ಉಪ್ಪು ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ತೊಳೆದು, ಒಣಗಿಸಿ, ಬಿಗಿದ ಮೇಲೆ ವ್ಯಾಸಲಿನ್ ಹಚ್ಚಿ. ಹಚ್ಚಿದ ಮೇಲೆ ಬಿಗಿಯುವುದಲ್ಲ. ತೆಗೆಯುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಪಾನಾ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ.

ಗಾಡಿ ರಾತ್ರಿಯೆಲ್ಲ ನಿಂತಮೇಲೆ ಬ್ಯಾಟರಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 12ರ ಹತ್ತಿರ ಬಂದರೆ ಮುಕ್ಕಾಲು ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಂಜಿನ್ ಓಡುವಾಗ 13.8ರಿಂದ 14.5ರೊಳಗೆ ಇರಬೇಕು.

ಅರ್ತ್ ಅನ್ನು ಹೀಗೆ ಪರೀಕ್ಷಿಸಿ: ಮೀಟರಿನ ಒಂದು ಪ್ರೋಬ್ ಬ್ಯಾಟರಿಯ ಮೈನಸ್ ಪೋಸ್ಟಿಗೆ (ಕ್ಲಾಂಪಿಗಲ್ಲ, ಪೋಸ್ಟಿಗೇ), ಇನ್ನೊಂದು ಇಂಜಿನ್ ಬ್ಲಾಕಿನ ಬರಿ ಲೋಹಕ್ಕೆ. ಯಾರಾದರೂ ಸೆಲ್ಫ್ ಹೊಡೆಯಲಿ. 0.3 ವೋಲ್ಟ್ ದಾಟಿದರೆ ಅರ್ತ್ ಪಟ್ಟಿ ಅಥವಾ ಅದರ ಬೋಲ್ಟ್ ಕೆಟ್ಟಿದೆ. ಪ್ಲಸ್ ಪೋಸ್ಟಿನಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೆ ಇದೇ ಥರ ನೋಡಿದರೆ 0.5 ದಾಟಬಾರದು. ಒಂದು ಎಚ್ಚರಿಕೆ: ಮೋಟಾರ್ ತಿರುಗುತ್ತಿರುವಾಗ ಮಾತ್ರ ಈ ಅಂಕಿಗೆ ಅರ್ಥ. ಬರೀ ‘ಟಕ್’ ಅಂದಾಗ ದಪ್ಪ ಕೇಬಲಿನಲ್ಲಿ ದೊಡ್ಡ ಕರೆಂಟೇ ಹರಿಯದ ಕಾರಣ, ಕೊಳೆತ ಕೇಬಲ್ ಕೂಡ ಚೆನ್ನಾಗಿದೆ ಅನ್ನಿಸುತ್ತದೆ.

ಡೈನಮೋ ನೋಡುತ್ತೇವೆ ಅಂತ ಇಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕೀಳುವವರು ಈಗಲೂ ಇದ್ದಾರೆ. ಕಾರ್ಬ್ಯುರೇಟರ್ ಕಾಲದ ಅಭ್ಯಾಸ ಅದು. ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿಯಲ್ಲಿ ಆ ಕ್ಷಣ ವೋಲ್ಟೇಜ್ ಚಿಮ್ಮಿ ಇಸಿಎಂ (ಇಂಜಿನ್ನಿನ ಕಂಪ್ಯೂಟರ್) ಸುಟ್ಟರೆ ಮುಗಿಯಿತು. ಕೈ ಹಿಡಿದು ತಡೆಯಿರಿ.

ಶಹಾಪುರ

ಕೇಳಿದವರದು ‘ಟಕ್’ ಸಮಸ್ಯೆ ಇರಬಹುದು. ಆದರೆ ಸೆಲ್ಫ್ ಚೆನ್ನಾಗಿ ತಿರುಗಿಯೂ ಹಿಡಿಯದ ಗಾಡಿಯವರೂ ಇದನ್ನು ಓದುತ್ತಾರೆ, ಅವರಿಗಾಗಿ.

ಚಾವಿ ಆನ್ ಮಾಡಿ, ಸೆಲ್ಫ್ ಹೊಡೆಯದೇ, ಹಿಂದಿನ ಸೀಟಿನ ಕಡೆ ಕಿವಿಗೊಡಿ. ಎರಡು-ಮೂರು ಸೆಕೆಂಡ್ ‘ಗುಂಯ್’ ಅನ್ನಬೇಕು, ಅದು ಟ್ಯಾಂಕಿನೊಳಗಿನ ಪಂಪ್. ಸದ್ದಿಲ್ಲದಿದ್ದರೆ ಫ್ಯೂಸ್ ನೋಡಿ, ಆಮೇಲೆ ಪಂಪ್ ರಿಲೇಯನ್ನು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಅದೇ ನಂಬರಿನ ಬೇರೆ ರಿಲೇ ಜೊತೆ ಅದಲು ಬದಲು ಮಾಡಿ. ಹಳೇ ರಿಲೇಯೊಳಗಿನ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಬಿಸಿಗೆ ಬಿಡುತ್ತದೆ, ತಣಿದಾಗ ಕೂಡುತ್ತದೆ. ಸದ್ದು ಬಂದು, ಆದರೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಹಿಡಿದರೆ ಚಾವಿಯನ್ನು ಮೂರು ಸಲ ಆನ್-ಆಫ್ ಮಾಡಿ ಪ್ರಯತ್ನಿಸಿ. ಆಗ ಥಟ್ಟನೆ ಹಿಡಿದರೆ ನಿಂತಾಗ ಲೈನಿನ ಒತ್ತಡ ಇಳಿದುಹೋಗುತ್ತಿದೆ ಅಂತ ಲೆಕ್ಕ: ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವುದು) ಅಥವಾ ಸೋರುವ ಇಂಜೆಕ್ಟರ್. ಬಿಸಿ ಇಂಜಿನ್ನಿನ ಪ್ಲಗ್ ಬಿಚ್ಚಿದಾಗ ಒದ್ದೆಯಿದ್ದು ಪೆಟ್ರೋಲ್ ನಾತ ಹೊಡೆದರೆ ಇಂಜೆಕ್ಟರ್ ಮೇಲೆ ಅನುಮಾನ. ಗ್ಯಾಸ್ ಕಿಟ್ ಹಾಕಿಸಿದವರು ಟ್ಯಾಂಕಿನಲ್ಲಿ ಪೆಟ್ರೋಲ್ ತಳ ಕಾಣುವಷ್ಟು ಇಟ್ಟು ಓಡಿಸುತ್ತಾರೆ. ಪಂಪ್ ತಣ್ಣಗಿರುವುದು ಅದೇ ಪೆಟ್ರೋಲಿನಿಂದ, ಕಾಲು ಟ್ಯಾಂಕ್ ಆದರೂ ಇರಲಿ.

ಬಿಸಿಯಿದ್ದಾಗ ಮಾತ್ರ ಕೈಕೊಟ್ಟು, ಕಿಡಿಯೂ ಇಲ್ಲ, ಇಂಜೆಕ್ಟರೂ ಚಿಮ್ಮದಿದ್ದರೆ ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವುದು). ಒಳಗಿನ ಸಣ್ಣ ತಂತಿ ಬಿಸಿಗೆ ಹಿಗ್ಗಿ ಸಂಪರ್ಕ ಬಿಡುತ್ತದೆ. ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ತಣಿಸಿ. ಆಗ ಚಾಲೂ ಆದರೆ ಸಿಕ್ಕಿತು. ಆರ್‌ಪಿಎಂ ಮುಳ್ಳಿರುವ ಗಾಡಿಯಲ್ಲಿ ಸೆಲ್ಫ್ ಹೊಡೆಯುವಾಗ ಮುಳ್ಳು ಸ್ವಲ್ಪವೂ ಅಲ್ಲಾಡದಿದ್ದರೆ ಇದೇ ದಿಕ್ಕು. ಕಿಡಿ ನೋಡಲು ಪ್ಲಗ್ಗನ್ನು ಕೈಯಲ್ಲಿ ಹಿಡಿಯಬೇಡಿ, ಇಂಜಿನ್ ಲೋಹಕ್ಕೆ ತಾಗಿಸಿಟ್ಟು ನೋಡಿ. ಅದಕ್ಕೂ ಮೊದಲು ಪಂಪಿನ ಫ್ಯೂಸ್ ತೆಗೆದು ಒಂದೆರಡು ಸಲ ಸೆಲ್ಫ್ ಹೊಡೆದು ಒತ್ತಡ ಇಳಿಸಿ. ತೆರೆದ ಪ್ಲಗ್ ತೂತಿನ ಪೆಟ್ರೋಲ್ ಆವಿಗೆ ಅದೇ ಕಿಡಿ ಸಾಕು.

ಇಂಜಿನ್ನಿನ ಬಿಸಿ ಅಳೆಯುವ ಕೂಲಂಟ್ ಸೆನ್ಸರ್ ಕೂಡ ಹೀಗೆ ಆಡಿಸುತ್ತದೆ. 20 ಡಿಗ್ರಿಯಲ್ಲಿ ಸುಮಾರು 2.5 ಕಿಲೋಓಮ್, 80 ಡಿಗ್ರಿಯಲ್ಲಿ ಸುಮಾರು 0.3 ತೋರಿಸಬೇಕು. ಕನೆಕ್ಟರ್ ಹಸಿರುಗಟ್ಟಿದ್ದರೆ ಇಸಿಎಂ ಬಿಸಿ ಇಂಜಿನ್ನನ್ನು ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಸುರಿಯುತ್ತದೆ. ಆಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಹೆಚ್ಚಿನ ಎಂಪಿಎಫ್‌ಐ ಗಾಡಿಗಳು ಆಗ ಇಂಜೆಕ್ಟರ್ ನಿಲ್ಲಿಸಿ ಒಳಗಿನದನ್ನು ಒಣಗಿಸುತ್ತವೆ.

ಇನ್ನು ಇಲಿ. ತೊಗರಿ ರಾಶಿ ಕಾಲದಲ್ಲಿ ಹೊಲದ ಮನೆ, ಗೋದಾಮಿನ ಹತ್ತಿರ ನಿಲ್ಲಿಸುವ ಗಾಡಿಯ ಸೆನ್ಸರ್ ವೈರ್ ಒಮ್ಮೆ ಕೈಯಾಡಿಸಿ ನೋಡಿ.

ಕೇಳಿದವರು, ಕಲಬುರಗಿ

ಕ್ಲಾಂಪ್ ಉಜ್ಜಿದೆ, ಅರ್ತ್ 0.15 ಬಂತು, ಪ್ಲಸ್ ಕಡೆ 0.3. ಮೀಟರ್ ಒಳಗಿಟ್ಟು ಓಡಿಸಿದೆ. ಇವತ್ತು ಕೈಕೊಟ್ಟಾಗ ಹೆಡ್‌ಲೈಟ್ ಮಂಕಾಗಲಿಲ್ಲ. ಬ್ಯಾಟರಿ 12.2, ಎಸ್ ಹತ್ರ 7.6, ಮೋಟಾರ್ ಬೋಲ್ಟಿಗೆ ಸೊನ್ನೆ. ತಣ್ಣಗಿದ್ದಾಗ ಸರಿಯಾಗಿ ತಿರುಗುವಾಗ ಬ್ಯಾಟರಿ 10.6, ಎಸ್ 8.9. ತಿರುಗಿದಾಗ 1.7 ಕಳೀತದ, ಕೈಕೊಟ್ಟಾಗ 4.6 ಕಳೀತದ. ಇದು ಹೆಂಗ?

ಹುಮನಾಬಾದ್

ಸೆಲ್ಫ್ ಬದಲಿಸೋ ಮಾತು ಸದ್ಯಕ್ಕ ಬಿಡ್ರಿ. ಸೋಲೆನಾಯ್ಡಿನಾಗ ಎರಡು ಸುತ್ತು ಅದಾವ. ಎಳೆಯೋ ಸುತ್ತು ದಪ್ಪ, ಕರೆಂಟ್ ಜಾಸ್ತಿ ಕೇಳ್ತದ. ಹಿಡಿಯೋ ಸುತ್ತು ಸಣ್ಣದು. ಕಾಂಟ್ಯಾಕ್ಟ್ ಕೂಡಿದ ಮ್ಯಾಲ ಎಳೆಯೋ ಸುತ್ತಿನ ಎರಡೂ ತುದೀಗೆ ಹೆಚ್ಚುಕಮ್ಮಿ ಒಂದೇ ವೋಲ್ಟೇಜ್ ಬಂದು ಅದು ಸುಮ್ಮನಾಗ್ತದ, ಹಿಡಿಯೋದಷ್ಟೇ ಉಳೀತದ. ಹಂಗಾಗಿ ಗಾಡಿ ತಿರುಗುವಾಗ ಚಾವಿ ವೈರಿನಾಗ ಕರೆಂಟ್ ಕಮ್ಮಿ, ಕಳೆಯೋದೂ ಕಮ್ಮಿ. ಕೈಕೊಟ್ಟಾಗ ಕಾಂಟ್ಯಾಕ್ಟ್ ಕೂಡೇ ಇಲ್ಲ, ಎರಡೂ ಸುತ್ತು ಒಟ್ಟಿಗೆ ಕುಡೀಲಿಕತ್ತಾವ, ಅದಕ್ಕ ದಾರಿಯಾಗ 4.6 ಹೋತು. ದಾರಿ ಒಂದೇ, ಹೊರೆ ಬ್ಯಾರೆ.

ಬಿಸಿಯಾದಾಗಷ್ಟೇ ಯಾಕಂದ್ರ, ತಾಮ್ರದ ತಂತಿಯ ತಡೆ ಡಿಗ್ರಿಗೆ ಶೇ 0.39ರಷ್ಟು ಏರ್ತದ. 30 ಡಿಗ್ರಿಯಿಂದ 90ಕ್ಕ ಹೋದ್ರ ಸುಮಾರು ಕಾಲು ಭಾಗ ಜಾಸ್ತಿ. ಇಂಜಿನ್ ನಿಲ್ಲಿಸಿದ ಮ್ಯಾಲ ಗಾಳಿ ನಿಂತು ಹತ್ತು-ಹದಿನೈದು ನಿಮಿಷ ಬಾನೆಟ್ ಒಳಗಿನ ಕಾವು ಇನ್ನೂ ಏರ್ತದ. ಅದೇ ಹೊತ್ತಿನಾಗ ನೀವು ಚಾವಿ ತಿರುವಿದ್ರಿ. ನಮ್ಮ ಕಡೆ ಏಪ್ರಿಲ್-ಮೇ 42-43 ಡಿಗ್ರಿ ಬಿಸಿಲಿನಾಗ ಈ ತೊಂದರೆ ಜಾಸ್ತಿ ಕಾಣೋದು ಅದಕ್ಕೇ.

ಉಪಾಯ: ನಾಲ್ಕು ಪಿನ್ನಿನ 12 ವೋಲ್ಟ್, 40 ಆಂಪ್ ರಿಲೇ. ಎಸ್‌ಗೆ ಬರ್ತಿದ್ದ ಹಳೇ ವೈರ್ ತೆಗೆದು 86ಕ್ಕ. 85 ಬಾಡಿ ಅರ್ತ್. 30ಕ್ಕ ಬ್ಯಾಟರಿ ಪ್ಲಸ್‌ನಿಂದ 4 ಚದರ ಮಿ.ಮೀ. ವೈರ್, ಬ್ಯಾಟರಿ ಹತ್ರನೇ 30 ಆಂಪ್ ಫ್ಯೂಸ್. 87ರಿಂದ ಅದೇ ದಪ್ಪದ ವೈರ್ ಎಸ್‌ಗೆ. ಈಗ ಚಾವಿ ಎಳೀಬೇಕಾದ್ದು ರಿಲೇ ಕಾಯಿಲ್ ಅಷ್ಟೇ, ಅದು ಒಂದು ಆಂಪಿಗಿಂತ ಕಮ್ಮಿ.

ಸೇಡಂ

ರಿಲೇ ಒಳ್ಳೇದು, ಒಪ್ಪಿದೆ. ಆದರೆ 4.6 ವೋಲ್ಟ್ ಎಲ್ಲಿ ಸುಡುತ್ತಿದೆ ಅಂತ ನೋಡದೇ ರಿಲೇ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಎಲ್ಲಿ ವೋಲ್ಟೇಜ್ ಕಳೆಯುತ್ತದೋ ಅಲ್ಲಿ ಕಾವೂ ಇರುತ್ತದೆ. ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಬಿಚ್ಚಿ ಇಗ್ನಿಷನ್ ಸ್ವಿಚ್ಚಿನ ಕನೆಕ್ಟರ್ ಎಳೆದು ನೋಡಿ. ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಒಂದು ಪಿನ್ನಿನ ಸುತ್ತ ಕರಗಿದ ಹಾಗಿದ್ದರೆ ಜಾಗ ಅದೇ. ಆ ಸ್ವಿಚ್ಚಿನಿಂದಲೇ ಇಗ್ನಿಷನ್ ಲೈನೂ ಹೋಗುತ್ತದೆ. ರಿಲೇ ಹಾಕಿ ಸುಮ್ಮನಾದರೆ ನಾಳೆ ಓಡುವ ಗಾಡಿ ರಸ್ತೆ ನಡುವೆ ಆಫ್ ಆದೀತು. ಸ್ವಿಚ್ಚಿನ ಎಲೆಕ್ಟ್ರಿಕಲ್ ಭಾಗ ಬೀಗದ ಬ್ಯಾರಲ್‌ನಿಂದ ಬೇರೆಯಾಗಿ ಸಿಕ್ಕರೆ ಅಷ್ಟನ್ನೇ ಹಾಕಿ, ಚಾವಿ ಬದಲಿಸಬೇಕಿಲ್ಲ. ಸ್ವಿಚ್ಚಿನ ಒಳಬರುವ ವೈರ್ ಮತ್ತು ಸ್ಟಾರ್ಟ್ ವೈರ್ ನಡುವೆ, ಚಾವಿ ಸ್ಟಾರ್ಟಿನಲ್ಲಿ ಹಿಡಿದು, ವೋಲ್ಟ್ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಸ್ವಿಚ್ಚಿಗೆ ಆಯುಷ್ಯ ಮುಗಿದಿದೆ.

ಮತ್ತೆ, ದಾರಿಯಲ್ಲಿ ನಿಂತಾಗ ಸೆಲ್ಫಿಗೆ ಪಾನಾದಿಂದ ಬಡಿಯುವ ಪದ್ಧತಿ. ಬಡಿದಾಗ ತಿರುಗಿದರೆ ಬ್ರಷ್ ಸವೆದ ಗುರುತು, ಪರೀಕ್ಷೆಯಾಗಿ ಸರಿ. ಆದರೆ ಈಗಿನ ಸಣ್ಣ ಸೆಲ್ಫ್‌ಗಳಲ್ಲಿ ಬಹಳಷ್ಟಕ್ಕೆ ಒಳಗೆ ಅಂಟಿಸಿದ ಮ್ಯಾಗ್ನೆಟ್ ಇರುತ್ತದೆ. ಜೋರು ಏಟಿಗೆ ಅದು ಸೀಳಿದರೆ ಬ್ರಷ್‌ನಿಂದ ಮುಗಿಯುವ ಕೆಲಸ ಪೂರಾ ಸೆಲ್ಫಿಗೆ ಬರುತ್ತದೆ. ಮೆಲ್ಲಗೆ ತಟ್ಟಿ.

ಆಳಂದ

ಕಾರ್ಬ್ಯುರೇಟರ್ ಇರುವ ಹಳೇ ಮಾರುತಿ 800 ಇಟ್ಟುಕೊಂಡವರಿಗೆ ಎರಡು ಮಾತು. ಬಿಸಿಲಲ್ಲಿ ನಿಲ್ಲಿಸಿದಾಗ ಫ್ಲೋಟ್ ಬಟ್ಟಲಿನ ಪೆಟ್ರೋಲ್ ಕುದ್ದು ಇಂಜಿನ್ನಿಗೆ ಸೋರುತ್ತದೆ. ಆಕ್ಸಿಲರೇಟರ್ ಪಂಪ್ ಮಾಡಬೇಡಿ, ಒಂದೇ ಸಲ ಪೂರ್ತಿ ಒತ್ತಿ ಹಾಗೇ ಹಿಡಿದು ಸೆಲ್ಫ್ ಹೊಡೆಯಿರಿ, ಚೋಕ್ ಮುಟ್ಟಬೇಡಿ. ಓಡುವಾಗಲೇ ನಿಂತುಹೋದರೆ ಮೆಕ್ಯಾನಿಕಲ್ ಪಂಪಿನಲ್ಲಿ ಆವಿ ಕಟ್ಟಿರಬಹುದು, ಒದ್ದೆ ಬಟ್ಟೆ ಹಾಕಿ. ಈಗ ಇ20 (ಶೇ 20ರಷ್ಟು ಎಥನಾಲ್ ಬೆರೆಸಿದ) ಪೆಟ್ರೋಲ್ ಬಂದ ಮೇಲೆ ಹಳೇ ರಬ್ಬರ್ ಪೈಪ್ ಉಬ್ಬುವುದು, ಬಿರುಕು ಬಿಡುವುದು ಉಂಟು. ಬೆರಳಿಂದ ಹಿಸುಕಿ ನೋಡಿ, ಅನುಮಾನ ಬಂದರೆ ಎಥನಾಲ್ ತಾಳುವ ಪೈಪೇ ಹಾಕಿ.

ಕೇಳಿದವರು, ಕಲಬುರಗಿ

ಕನೆಕ್ಟರ್ ಬಿಚ್ಚಿದೆ. ಒಂದು ಪಿನ್ನಿನ ಸುತ್ತ ಕಂದು ಆಗ್ಯಾದ. ಸ್ವಿಚ್ ಬರೋತನಕ ದಬ್ಬಿ ಚಾಲೂ ಮಾಡಿದ್ರ ನಡೀತದ?

ಹುಮನಾಬಾದ್

ನಡೀತದ, ಬ್ಯಾಟರಿ ಗಟ್ಟಿ ಇರೋದರಿಂದ. ಚಾವಿ ಆನ್, ಎರಡನೇ ಗೇರ್, ಕ್ಲಚ್ ಒತ್ತಿ ದಬ್ಬಿಸಿ, ಗಾಡಿ ಓಟ ಹಿಡಿದ ಮ್ಯಾಲ ಕ್ಲಚ್ ಬಿಡ್ರಿ. ಮೊದಲನೇ ಗೇರಿನಾಗ ಬ್ಯಾಡ, ಗಾಲಿ ಜಾಮ್ ಆಗ್ತದ. ಎರಡು ಸಲಕ್ಕ ಹಿಡೀಲಿಲ್ಲ ಅಂದ್ರ ನಿಲ್ಲಿಸ್ರಿ, ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ (ಹೊಗೆ ಶುದ್ಧ ಮಾಡೋ ಭಾಗ) ಹೋಗಿ ಅದನ್ನ ಕೆಡಸ್ತದ. ಸೇಡಂನವರು ಹೇಳಿದ್ದು ಖರೆ, ಸ್ವಿಚ್ಚೂ ಹಾಕ್ರಿ, ಕನೆಕ್ಟರಿನ ಸುಟ್ಟ ಪಿನ್ನೂ ಬದಲಿಸ್ರಿ. ಹೊಸ ಸ್ವಿಚ್ಚಿಗೆ ಸುಟ್ಟ ಕನೆಕ್ಟರ್ ಸಿಗಿಸಿದ್ರ ಅದೂ ಸುಡ್ತದ. ಎಲ್ಲಾ ಹಾಕಿದ ಮ್ಯಾಲ ಮೀಟರ್ ಈಗಲೇ ತೆಗೀಬ್ಯಾಡ್ರಿ. ಜೇವರ್ಗಿಗೆ ಹೋಗಿ ಬಂದು, ಹದಿನೈದು ನಿಮಿಷ ನಿಲ್ಲಿಸಿ, ಬಿಸಿಯಿದ್ದಾಗಲೇ ಎಸ್ ಅಳೀರಿ. ಸೆಲ್ಫ್ ಹೊಡೀವಾಗ ಬ್ಯಾಟರಿಗಿಂತ ಅರ್ಧ ವೋಲ್ಟಿನೊಳಗ ಬರಬೇಕು. ಅಷ್ಟು ಬಂದೂ ಮತ್ತೆ ‘ಟಕ್’ ಅಂದ್ರ ಆಗ ಸೆಲ್ಫ್ ಇಳಿಸಿ ಸೋಲೆನಾಯ್ಡ್ ಕಾಂಟ್ಯಾಕ್ಟ್ ಮತ್ತು ಬ್ರಷ್ ನೋಡೋಣ.