ಬೈಪಾಸ್ ಆದವರ ಡೇಟಾ: ಫಾಲೋಅಪ್‌ಗೆ ಬಾರದವರನ್ನ ತೆಗೀಬಹುದಾ?

ಕಾಪು_ಕಡಲು:
ಮಂಗಳೂರಲ್ಲಿ ಬಯೋಸ್ಟಾಟಿಸ್ಟಿಕ್ಸ್ ಓದ್ತಾ ಇದ್ದೇನೆ, ಥೀಸಿಸ್‌ಗೆ ಬೈಪಾಸ್ ಆದವರ ರೆಕಾರ್ಡ್ ಸಿಕ್ಕಿದೆ, 5 ವರ್ಷದ ಸರ್ವೈವಲ್, ಅಂದ್ರೆ ಎಷ್ಟು ಜನ ಬದುಕಿರ್ತಾರೆ ಅಂತ ನೋಡ್ಬೇಕು. ಆದ್ರೆ ಸುಮಾರು ಜನ ಡಿಸ್ಚಾರ್ಜ್ ಆಗಿ ಒಂದೆರಡು ಸಲ ಓಪಿಡಿಗೆ ಬಂದು ಆಮೇಲೆ ಪತ್ತೆಯೇ ಇಲ್ಲ, ಕಾಸರಗೋಡು ಭಟ್ಕಳ ಕಡೆಯವರು ಜಾಸ್ತಿ, ಕೆಲವರು ಮಕ್ಕಳೊಟ್ಟಿಗೆ ದುಬೈಗೆ ಹೋಗಿರ್ಲಿಕ್ಕೂ ಸಾಕು. ಅವರನ್ನೆಲ್ಲ ತೆಗ್ದು ಲಾಜಿಸ್ಟಿಕ್ ರಿಗ್ರೆಷನ್ (5 ವರ್ಷದೊಳಗೆ ತೀರಿಕೊಂಡ್ರಾ ಇಲ್ವಾ ಅಂತ ಮಾತ್ರ ನೋಡುವ ಲೆಕ್ಕ) ಮಾಡು ಅಂತ ಸೀನಿಯರ್ ಒಬ್ರು ಹೇಳ್ತಾರೆ. ಸರಿಯಾ?

ಲೆಕ್ಕದ_ಮಾಷ್ಟ್ರು:
ತೆಗೀಬೇಡಿ ಮಾರಾಯ್ರೆ. 3 ವರ್ಷ ಬದುಕಿದ್ರು ಅಂತ ಗೊತ್ತಿರುವವರ ಆ 3 ವರ್ಷ ಸುಮ್ನೆ ಹೋಗ್ತದೆ. ಕೊನೇ ಸಲ ಬಂದ ತಾರೀಕಿಗೆ ಸೆನ್ಸಾರ್ ಮಾಡಿ, ಅಂದ್ರೆ ಅಲ್ಲಿವರೆಗೆ ಬದುಕಿದ್ರು ಅಂತ ಲೆಕ್ಕಕ್ಕೆ ತಗೊಳ್ಳಿ, ಆಮೇಲಿಂದ ಹೊರಗಿಡಿ. ಕಪ್ಲಾನ್, ಮಯರ್ ಇಬ್ರೂ 1958ರಲ್ಲಿ ಕೊಟ್ಟ ವಿಧಾನ ಇದಕ್ಕೇ ಇರುದು. 100 ಜನ ಅಂತ ಇಟ್ಕೊಳ್ಳಿ, ಮೊದಲ ತಿಂಗಳು 4 ಜನ ತೀರಿಕೊಂಡ್ರು, ಬದುಕುಳಿದವರ ಪಾಲು 0.96. ಆಮೇಲೆ 16 ಜನ ಕಾಣ್ಲೇ ಇಲ್ಲ, ಉಳಿದ 80ರಲ್ಲಿ ಮತ್ತೆ 2 ಸಾವು, ಅಂದ್ರೆ 0.975. ಗುಣಿಸಿದ್ರೆ 93.6%. ಆ 16 ಜನರನ್ನ ತೆಗ್ದ್ರೆ 92.9, ಎಲ್ಲರೂ ಬದುಕಿದ್ದಾರೆ ಅಂತ ಹಾಕಿದ್ರೆ 94. ನಿಮ್ಮಲ್ಲಿ ಕಾಣದವರು ಜಾಸ್ತಿ ಇದ್ರೆ ವ್ಯತ್ಯಾಸ ಇನ್ನೂ ದೊಡ್ಡದಾಗ್ತದೆ.

ಮಣಿಪಾಲ_ಗುಡ್ಡೆ:
ಮಾಷ್ಟ್ರು ಹೇಳಿದ್ದು ಸರಿ, ಆದ್ರೆ ಅದು ಸರಿಯಾಗ್ಬೇಕಾದ್ರೆ ಬಾರದವರೂ ಬರ್ತಾ ಇದ್ದವರ ಹಾಗೇ ಇರ್ಬೇಕು. ಮನೇಲಿ ತೀರಿಕೊಂಡ್ರೆ ಅದನ್ನ ಹೇಳ್ಲಿಕ್ಕೆ ಅಂತ ಓಪಿಡಿಗೆ ಯಾರು ಬರ್ತಾರೆ? ಆ ಸಾವು ಲೆಕ್ಕಕ್ಕೆ ಸಿಗದೇ ಫಲಿತಾಂಶ ಇದ್ದದ್ದಕ್ಕಿಂತ ಚಂದ ಕಾಣುದು. ಎಥಿಕ್ಸ್ ಕಮಿಟಿ ಪರ್ಮಿಷನ್ ತಗೊಂಡು ಮನೆಗೆ ಫೋನ್ ಮಾಡಿ, ತುಳು, ಬ್ಯಾರಿ, ಮಲಯಾಳ ಬರುವವರು ಜೊತೆಗಿದ್ರೆ ಒಳ್ಳೇದು, ಸಾವಿನ ವಿಷಯ ಕೇಳ್ಬೇಕಲ್ಲ, ಅವರ ಭಾಷೇಲೇ ಕೇಳ್ಬೇಕು. ಯಾವ ಸಾಫ್ಟ್‌ವೇರಿಂದಲೂ ಈ ಕೆಲಸ ಆಗುದಿಲ್ಲ.

ಆರ್_ಪ್ರಿಯ:
ಇನ್ನೊಂದು. ಆಪರೇಷನ್ ಆದ ಮೊದಲ 30 ದಿನ ರಿಸ್ಕ್ ತುಂಬಾ ಜಾಸ್ತಿ, ಆಮೇಲೆ ಇಳೀತದೆ, ವರ್ಷ ಕಳೆದ ಹಾಗೆ ನಿಧಾನ ಏರ್ತದೆ. ಅದು ಯಾವ ಕಾರಣ ರಿಸ್ಕನ್ನ ಎಷ್ಟು ಪಟ್ಟು ಏರಿಸ್ತದೆ ಅಂತ ನೋಡುವ ಕಾಕ್ಸ್ ಮಾಡೆಲ್‌ಗೆ ತೊಂದ್ರೆ ಇಲ್ಲ, 1972ರ ಆ ಮಾಡೆಲ್ ಕೇಳುದು ಇಷ್ಟೇ, ಇಬ್ಬರ ರಿಸ್ಕಿನ ಅನುಪಾತ ಕೊನೇವರೆಗೂ ಒಂದೇ ಇರ್ಬೇಕು. ಎಮರ್ಜೆನ್ಸಿ ಸರ್ಜರಿ ಅನ್ನುವಂಥದ್ದು ಮೊದಲ ತಿಂಗಳು ಜೋರು, ನಂತರ ಅಷ್ಟಿಲ್ಲ ಅಂತಾದ್ರೆ ಅಲ್ಲಿ ಕೈ ಕೊಡ್ತದೆ. ಶೋನ್‌ಫೆಲ್ಡ್ ರೆಸಿಡ್ಯುಯಲ್ (ಆ ಅನುಪಾತ ಬದಲಾಗ್ತದಾ ಅಂತ ಪರೀಕ್ಷಿಸುವ ಲೆಕ್ಕ) ನೋಡಿ, ಸರಿ ಬಾರದಿದ್ರೆ ಮೊದಲ 30 ದಿನ ಬೇರೆ, ನಂತರದ್ದು ಬೇರೆ ಮಾಡಿ. ಯೂರೋಸ್ಕೋರ್ 2 ಅನ್ನುವ ಹಾರ್ಟ್ ಸರ್ಜರಿಯ ರಿಸ್ಕ್ ಸ್ಕೋರ್ ಇರುದು ಆಸ್ಪತ್ರೆಯೊಳಗಿನ ಸಾವಿನ ರಿಸ್ಕ್ ಹೇಳ್ಲಿಕ್ಕೆ, ಅದನ್ನೇ 5 ವರ್ಷಕ್ಕೆ ಎಳೀಬೇಡಿ.

ಕಾಪು_ಕಡಲು:
ಥ್ಯಾಂಕ್ಸ್ ಎಲ್ಲರಿಗೂ. ಫೋನಲ್ಲಿ ಸಿಕ್ಕಿದವರಿಗೆ ಫೋನ್ ಮಾಡಿದ ದಿನವೇ ಕೊನೇ ತಾರೀಕಾ?

ಮಣಿಪಾಲ_ಗುಡ್ಡೆ:
ಬೇಡ, ಫೋನ್ ಶುರು ಮಾಡುವ ಮೊದಲೇ ಎಲ್ಲರಿಗೂ ಒಂದೇ ಕಟ್‌ಆಫ್ ತಾರೀಕು ಇಡಿ, ಅದರ ನಂತರದ ಸಾವು ಸೇರಿಸ್ಬೇಡಿ.