ಮಲೆನಾಡಿನಲ್ಲಿ ವಾರದ ಹ್ಯಾಮ್ ನೆಟ್ ಶುರು ಮಾಡಬೇಕು, ಅನುಭವ ಇದ್ದವರು ಹೇಳಿ

ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ತಿರ. ಈಗಷ್ಟೇ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂದಿದೆ, ವಿಯು3ರಿಂದ ಶುರುವಾಗುವ ಕಾಲ್‌ಸೈನ್ (ಗುರುತಿನ ಸಂಕೇತ). ಶಿವಮೊಗ್ಗ, ಸಾಗರ, ಹೊಸನಗರ, ಕೊಪ್ಪದ ಕಡೆಯ ಹ್ಯಾಮ್‌ಗಳು ವಾರಕ್ಕೊಮ್ಮೆ ಒಂದು ವಿಷಯ ಹಿಡಿದು ಕನ್ನಡದಲ್ಲೇ ಮಾತಾಡುವ ನೆಟ್, ಅಂದರೆ ರೇಡಿಯೊ ಕೂಟ, ನಡೆಸಬೇಕು ಅಂತ ಆಸೆ. 2 ಮೀಟರ್ ಬ್ಯಾಂಡ್‌ನಲ್ಲಿ ಕರೆದರೆ ಗುಡ್ಡ ಅಡ್ಡ, ಯಾರೂ ಸಿಗುವುದಿಲ್ಲ. ಯಾವ ಬ್ಯಾಂಡ್, ಯಾವ ಹೊತ್ತು, ನಡೆಸುವುದು ಹೇಗೆ?

ಹೊಸನಗರದಿಂದ:

ನಮ್ಮ ಕಡೆಗೆ 40 ಮೀಟರ್ ಬ್ಯಾಂಡೇ ಸರಿ. 2 ಮೀಟರ್ ಸಿಗ್ನಲ್ ಹೆಚ್ಚುಕಡಿಮೆ ಕಣ್ಣಿಗೆ ಕಾಣುವ ದಾರಿಯಲ್ಲೇ ಹೋಗುತ್ತದೆ. ಕುಂದಾದ್ರಿ ಬೆಟ್ಟದ ಮೇಲಿಂದ 5 ವಾಟ್‌ನ ಹ್ಯಾಂಡಿಯಲ್ಲಿ (ಕೈಯಲ್ಲಿ ಹಿಡಿಯುವ ಸೆಟ್) ಎಷ್ಟೋ ದೂರದವರು ಸಿಗುತ್ತಾರೆ. ಕೆಳಗೆ ತೋಟದ ಮನೆಯಿಂದ ಗುಡ್ಡದ ಆಚೆಯವರೂ ಸಿಗುವುದಿಲ್ಲ. 40 ಮೀಟರ್, ಅಂದರೆ 7 ಮೆಗಾಹರ್ಟ್ಸ್, ಹಾಗಲ್ಲ. ಆಂಟೆನಾ ಹೆಚ್ಚು ಎತ್ತರವಿಲ್ಲದೆ ಕಟ್ಟಿದರೆ ಸಿಗ್ನಲ್ ನೆಟ್ಟಗೆ ಮೇಲೆ ಹೋಗಿ, ಅಯಾನುಗೋಳದಿಂದ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ) ತಿರುಗಿ, ಸುತ್ತಲಿನ ಜಿಲ್ಲೆಗಳ ಮೇಲೆ ಮಳೆಯ ಹಾಗೆ ಬೀಳುತ್ತದೆ. ನಡುವೆ ಎಷ್ಟು ಗುಡ್ಡ ಇದ್ದರೂ ಲೆಕ್ಕಕ್ಕಿಲ್ಲ.

ಸಾದಾ ಡೈಪೋಲ್ ಸಾಕು, ನಡುವೆ ಕೇಬಲ್ ಸೇರಿಸಿದ ಎರಡು ತಂತಿಯ ಆಂಟೆನಾ ಅದು. ಉದ್ದಕ್ಕೆ 143ನ್ನು ಮೆಗಾಹರ್ಟ್ಸ್ ಲೆಕ್ಕದ ಫ್ರೀಕ್ವೆನ್ಸಿಯಿಂದ ಭಾಗಿಸಿ. 7.100ಕ್ಕೆ 20 ಮೀಟರ್ ಚಿಲ್ಲರೆ ಬರುತ್ತದೆ, ಅಂದರೆ ಒಂದೊಂದು ಕಡೆಗೆ 10 ಮೀಟರ್ ತಂತಿ. ಸ್ವಲ್ಪ ಉದ್ದ ಬಿಟ್ಟು, ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಪವರ್ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ) ನೋಡಿಕೊಂಡು ಕತ್ತರಿಸುತ್ತಾ ಬನ್ನಿ. 20 ಅಡಿ ಎತ್ತರ ಸಾಕು. ಅಡಿಕೆ ಮರಕ್ಕೆ ಬಿಗಿಯಾಗಿ ಮಾತ್ರ ಕಟ್ಟಬೇಡಿ. ಗಾಳಿಗೆ ಮರ ತೂಗಿದರೆ ತಂತಿ ತುಂಡಾಗುತ್ತದೆ. ಒಂದು ತುದಿಯ ನೈಲಾನ್ ಹಗ್ಗವನ್ನು ರಾಟೆ ಮೇಲೆ ಹಾಯಿಸಿ, ನೀರು ತುಂಬಿದ ಬಾಟಲಿ ಇಳಿಬಿಡಿ. ಮರ ಆ ಕಡೆ ಬಾಗಿದರೆ ಬಾಟಲಿ ಮೇಲೇರುತ್ತದೆ, ಈ ಕಡೆ ಬಂದರೆ ಇಳಿಯುತ್ತದೆ. ತಂತಿಗೆ ಏನೂ ಆಗುವುದಿಲ್ಲ. ಕರೆಂಟ್ ಲೈನ್ ಹತ್ತಿರ ಬೇಡವೇ ಬೇಡ. ಆಂಟೆನಾದ ಕೋಆಕ್ಸ್ ಕೇಬಲ್ ಮನೆಯೊಳಗೆ ಬರುವ ಮುಂಚೆ ಒಂದು ಕಡೆ ಜೋತುಬಿದ್ದಿರಲಿ, ಮಳೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಹೊತ್ತು ಮುಖ್ಯ. ಕತ್ತಲಾದ ಮೇಲೆ ಅಯಾನುಗೋಳದ ಬಲ ಇಳಿದು, ಹತ್ತಿರದ ಸ್ಟೇಷನ್‌ಗಳು ಮಾಯವಾಗಿ ದೂರದವರೇ ಕೇಳಿಸತೊಡಗುತ್ತಾರೆ. ಭಾನುವಾರ ಬೆಳಿಗ್ಗೆ 8 ದಾಟಿದ ಮೇಲೆ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಇನ್ನೂ ಸ್ವಲ್ಪ ತಡವಾದರೆ ಒಳ್ಳೆಯದು.

ಶಿವಮೊಗ್ಗದಿಂದ:

ಆಂಟೆನಾ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದರೆ ನೆಟ್ ನಿಲ್ಲುವುದೋ ಬೀಳುವುದೋ ಅದನ್ನು ನಡೆಸುವ ಕಂಟ್ರೋಲ್ ಸ್ಟೇಷನ್ ಕೈಯಲ್ಲಿದೆ. ಅಲ್ಲಿ ಕೂತವರು ಜಾಸ್ತಿ ಮಾತಾಡಬಾರದು, ಜಾಸ್ತಿ ಕೇಳಬೇಕು. ನಾನು ನೋಡಿದ ನೆಟ್‌ಗಳು ಸೊರಗಿದ್ದು ಒಂದೇ ಕಾರಣಕ್ಕೆ. ದೊಡ್ಡ ಸಿಗ್ನಲ್‌ನ ನಾಲ್ಕು ಜನ ತಮ್ಮತಮ್ಮಲ್ಲೇ ಮಾತಾಡಿಕೊಂಡರು, ಸಣ್ಣ ಸಿಗ್ನಲ್‌ನವರು ಕಾದು ಕಾದು ಸೆಟ್ ಆರಿಸಿ ಹೋದರು.

ಹಾಗಾಗಿ ಮೊದಲು "ಫ್ರೀಕ್ವೆನ್ಸಿ ಖಾಲಿ ಇದೆಯಾ?" ಅಂತ ಕೇಳಿ. ಆಮೇಲೆ "ಬ್ಯಾಟರಿ ಮೇಲಿರುವವರು, ಕಡಿಮೆ ಪವರ್‌ನವರು, ಹೊಸಬರು ಮೊದಲು ಬನ್ನಿ" ಅಂತ ಕರೆಯಿರಿ. ಪ್ರತಿ ಕಾಲ್‌ಸೈನನ್ನೂ ಬರೆದುಕೊಂಡು ತಿರುಗಿ ಓದಿ ಹೇಳಿ. ಯಾರದ್ದಾದರೂ ಅರ್ಧವೇ ಕೇಳಿಸಿದರೆ ಬಿಟ್ಟು ಮುಂದೆ ಹೋಗಬೇಡಿ. "ಕೊನೆಗೆ ಟ್ಯಾಂಗೊ ಇರುವ ಸ್ಟೇಷನ್ ಮತ್ತೆ ಹೇಳಿ, ಉಳಿದವರು ನಿಲ್ಲಿ" ಅನ್ನಿ (ಟ್ಯಾಂಗೊ ಅಂದರೆ ಟಿ ಅಕ್ಷರ). ನಿಮ್ಮ ಮಾತು ಅವರಿಗೆ ಕೇಳಿಸದಿದ್ದರೆ ಸಾಗರದವರೋ ಕೊಪ್ಪದವರೋ ರಿಲೇ ಮಾಡಲಿ, ಅಂದರೆ ನಡುವೆ ನಿಂತು ಮಾತು ಮುಟ್ಟಿಸಲಿ. ಆ ಒಬ್ಬರು ಮುಂದಿನ ವಾರ ಬಂದೇ ಬರುತ್ತಾರೆ.

ಒಬ್ಬರ ಮಾತು ಮುಗಿದ ಮೇಲೆ ಎರಡು ಸೆಕೆಂಡ್ ಬಿಟ್ಟು ಪಿಟಿಟಿ (ಮಾತಾಡುವ ಬಟನ್) ಒತ್ತಿ. ಆ ಸಂದಿಯಲ್ಲೇ "ಬ್ರೇಕ್" ಅನ್ನುವವರಿಗೆ ಜಾಗ ಸಿಗುವುದು. ವಿಷಯ ಒಂದೇ ಇರಲಿ, ಮೊದಲೇ ತಿಳಿಸಿ. "ಆಂಟೆನಾ" ಅಂದರೆ ಯಾರೂ ಬಾಯಿ ಬಿಡುವುದಿಲ್ಲ. "ಮಳೆಗಾಲಕ್ಕೆ ಕನೆಕ್ಟರ್‌ಗೆ ನೀವು ಏನು ಸುತ್ತುತ್ತೀರಿ?" ಅಂದರೆ ಎಲ್ಲರ ಹತ್ತಿರವೂ ಒಂದು ಉತ್ತರ ಇರುತ್ತದೆ. ಮುಕ್ಕಾಲು ಗಂಟೆಗೆ ಮುಗಿಸಿ, 73 (ಹ್ಯಾಮ್‌ಗಳ ಶುಭಾಶಯ) ಹೇಳಿ. ಇನ್ನೂ ಮಾತಾಡಬೇಕೆನ್ನುವವರು 5 ಕಿಲೋಹರ್ಟ್ಸ್ ಪಕ್ಕಕ್ಕೆ ಹೋಗಲಿ.

ಅಡಿಕೆ ಧಾರಣೆ, ರಾಜಕೀಯ ಎರಡನ್ನೂ ದೂರ ಇಡಿ. ವ್ಯಾಪಾರದ ಮಾತಿಗೆ ನಮ್ಮ ಲೈಸೆನ್ಸ್‌ನಲ್ಲಿ ಜಾಗ ಇಲ್ಲ.

ಸಾಗರದಿಂದ:

ಎಚ್‌ಎಫ್ ಸೆಟ್ (40 ಮೀಟರ್‌ನಂಥ ಬ್ಯಾಂಡ್‌ಗಳ ಸೆಟ್) ಇಲ್ಲದವರು ಎಕೋಲಿಂಕ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಹ್ಯಾಮ್‌ಗಳನ್ನು ಬೆಸೆಯುವ ಆಪ್‌ನಲ್ಲಿ, ಸೇರಲಿ ಅಂತ ಕೆಲವರು ಹೇಳಬಹುದು. ಲೈಸೆನ್ಸ್ ತೋರಿಸಿ ನೋಂದಾಯಿಸಿಕೊಂಡರೆ ಮೊಬೈಲ್‌ನಲ್ಲೇ ಮಾತಾಡಬಹುದು, ನಿಜ. ಆದರೆ ಅದನ್ನೇ ನಂಬಬೇಡಿ. ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋಗಿ, ಟವರ್ ಕೂಡ ಸತ್ತಾಗ ಇಂಟರ್ನೆಟ್ ಎಲ್ಲಿರುತ್ತದೆ? 2004ರ ಸುನಾಮಿಯಲ್ಲಿ ಅಂಡಮಾನ್‌ನಿಂದ ಹೊರಗೆ ಸುದ್ದಿ ಮುಟ್ಟಿಸಿದವರಲ್ಲಿ ಅಲ್ಲಿಗೆ ಹೋಗಿದ್ದ ಹ್ಯಾಮ್‌ಗಳೂ ಇದ್ದರು. ಅವರ ಕೈಯಲ್ಲಿದ್ದದ್ದು ಎಚ್‌ಎಫ್.

ಅದಕ್ಕೇ ತಿಂಗಳಿಗೊಂದು ನೆಟ್ ಪೂರ್ತಿ ಬ್ಯಾಟರಿ ಮೇಲೆ ಮಾಡಿ. 100 ವಾಟ್‌ನ ಸೆಟ್ ಮಾತಾಡುವಾಗ 20 ಆಂಪಿಯರ್‌ವರೆಗೂ ಎಳೆಯುತ್ತದೆ, ಸುಮ್ನೆ ಕೇಳುವಾಗ 1 ಆಂಪಿಯರ್ ಸುಮಾರು. ಪವರ್ 25ಕ್ಕೆ ಇಳಿಸಿದರೆ ಕೇಳುವವರ ಸಿಗ್ನಲ್ ಮೀಟರ್‌ನಲ್ಲಿ ಒಂದು ಎಸ್ ಯೂನಿಟ್ (ಒಂದು ಅಂಕ) ಕಡಿಮೆ ಆಗುತ್ತದೆ, ಅಷ್ಟೇ. ಬ್ಯಾಟರಿ ಎಷ್ಟು ಹೊತ್ತು ಬಂತು ಅಂತ ಎಲ್ಲರೂ ಹೇಳಲಿ, ಅದೇ ಆ ದಿನದ ವಿಷಯ.

ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ನೆಟ್ ಅರ್ಧಕ್ಕೇ ನಿಲ್ಲಿಸಿ ಕೋಆಕ್ಸ್ ಕಳಚಿ ಹೊರಗೆ ಹಾಕಿ. ಇದನ್ನು ಮೊದಲ ನೆಟ್‌ನಲ್ಲೇ ಎಲ್ಲರಿಗೂ ಹೇಳಿಬಿಡಿ. ಫ್ರೀಕ್ವೆನ್ಸಿ, ಟೈಮ್ ಗೊತ್ತಾದರೆ ಇಲ್ಲೇ ಹಾಕಿ, ನಾನು ರಿಲೇಗೆ ಇರುತ್ತೇನೆ.