ಮೀನು ಹಿಡಿಯುವ ಗೆಳೆಯರು ತೀರಿಕೊಂಡಾಗ ನಾವು ಮಾಡಿದ್ದು

ಕಾಳಿ ನದಿಯ ಅಳಿವೆಯಲ್ಲಿ ನಿಮ್ಮೊಡನೆ ಗಾಳ ಹಾಕುತ್ತಿದ್ದ ಗೆಳೆಯರು ತೀರಿಕೊಂಡ ಮೇಲೆ ಅವರ ಗಾಳದ ಕೋಲುಗಳನ್ನೂ ಪೆಟ್ಟಿಗೆಯನ್ನೂ ಮನೆಯವರು ನಿಮಗೆ ಒಪ್ಪಿಸಿದ್ದಾರೆ. ವರ್ಷಾಂತಿಕದ ದಿನ ಅವನ್ನು ಸಮುದ್ರಕ್ಕೆ ಬಿಡಬೇಕೋ ಅಥವಾ ಕಾರವಾರದ ಕೋಡಿಬಾಗದ ದಡದಲ್ಲಿ ಕಲ್ಲುಬೆಂಚು ಹಾಕಿಸಬೇಕೋ ಎಂದು ಕೇಳಿದ್ದೀರಿ. ಕುಮಟಾ ಕಡೆ ಅಘನಾಶಿನಿಯ ಅಳಿವೆಯಲ್ಲಿ ನನಗೆ ಗಾಳ ಹಿಡಿಯಲು ಕಲಿಸಿದ ಹಿರಿಯ ಗೆಳೆಯರು ಹೋದಾಗ ನಮ್ಮ ಮುಂದೆಯೂ ಇದೇ ಪ್ರಶ್ನೆಯಿತ್ತು.

ದಯವಿಟ್ಟು ಅವನ್ನು ಸಮುದ್ರಕ್ಕೆ ಬಿಡಬೇಡಿ. ನೈಲಾನ್ ದಾರ ನೀರಿನಲ್ಲಿ ಬೇಗ ಕೊಳೆಯುವುದಿಲ್ಲ, ಯಾರೂ ಹಿಡಿಯದಿದ್ದರೂ ಮೀನನ್ನೂ ಹಕ್ಕಿಯನ್ನೂ ಸುತ್ತಿಕೊಳ್ಳುತ್ತಲೇ ಇರುತ್ತದೆ. ಚಳಿಗಾಲದಲ್ಲಿ ಮೊಟ್ಟೆಯಿಡಲು ನಮ್ಮ ಜಿಲ್ಲೆಯ ಮರಳದಂಡೆಗಳಿಗೆ ಬರುವ ಕಡಲಾಮೆಗಳಿಗೂ ಅದರಿಂದ ಅಪಾಯ. ಕಲ್ಲುಬೆಂಚಿಗೆ ನನ್ನ ಆಕ್ಷೇಪವಿಲ್ಲ. ಆದರೆ ದಡದಲ್ಲಿ ಏನನ್ನೇ ಕಟ್ಟುವುದಕ್ಕೂ ಮೊದಲು ಅನುಮತಿ ಕೇಳಬೇಕಾಗುತ್ತದೆ.

ನಮ್ಮ ಗೆಳೆಯರ ವಿಷಯದಲ್ಲಿ ನಾವು ಉಳಿಸಿಕೊಳ್ಳಲು ಬಯಸಿದ್ದು ಅವರು ಕೊಡುತ್ತಿದ್ದ ರೀತಿಯನ್ನು. ರಂಪಣಿಯ ಕಾಲದಲ್ಲಿ, ಅಂದರೆ ಊರವರೆಲ್ಲ ಸೇರಿ ದೊಡ್ಡ ಬಲೆಯನ್ನು ದಂಡೆಗೆ ಎಳೆಯುತ್ತಿದ್ದ ದಿನಗಳಲ್ಲಿ, ಬಲೆಯ ಹಗ್ಗಕ್ಕೆ ಕೈಹಚ್ಚಿದವರಿಗೆಲ್ಲ ಒಂದು ಪಾಲು ಇರುತ್ತಿತ್ತು. 1970ರ ದಶಕದಲ್ಲಿ ಮೀನಿನ ಹಿಂಡನ್ನು ಕಡಲಿನಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸಿನ್ ಬೋಟುಗಳು ಬಂದ ಮೇಲೆ ರಂಪಣಿ ಕಡಿಮೆಯಾಯಿತಾದರೂ, ಆ ದಂಡೆಯಲ್ಲಿ ಬೆಳೆದ ಇವರು ಹಗ್ಗ ಹಿಡಿಯಲಾರದವರಿಗೂ ಪಾಲಿದೆ ಎಂದೇ ನಡೆದುಕೊಂಡರು. ಪೇಟೆಗೆ ನಡೆದು ಹೋಗಲಾಗದ ಅಜ್ಜಿಯಂದಿರ ಮನೆಗಳಿಗೆ ಕಾಣೆಯನ್ನೋ ಏಡಿಯನ್ನೋ ಶುಚಿಮಾಡಿಸಿಯೇ ಕಳಿಸುತ್ತಿದ್ದರು, ಏಕೆಂದರೆ ಕಣ್ಣು ಮಂಜಾದವರು ಮುಳ್ಳಿನ ಮೀನನ್ನು ಹೆಚ್ಚಲಾರರು ಎಂಬುದು ಅವರಿಗೆ ಗೊತ್ತಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದೆ ಮೀನು ತುಟ್ಟಿಯಾಗುವ ದಿನಗಳಲ್ಲಿ, ಗಜನಿಗೆ, ಅಂದರೆ ಅಳಿವೆಯ ಪಕ್ಕದ ಉಪ್ಪುನೀರಿನ ಗದ್ದೆಗೆ, ನೀರು ಬಿಡುವ ಬಾಗಿಲಿನ ಹತ್ತಿರ ಸಿಕ್ಕಿದ್ದರಲ್ಲಿ ಹೆಚ್ಚಿನ ಭಾಗ ಆ ಮನೆಗಳಿಗೇ ಹೋಗುತ್ತಿತ್ತು. ಕೊಟ್ಟ ಮೇಲೆ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ. ಇಂಥ ಮನುಷ್ಯರು ಒಂದು ಊರಿಗೆ ಒಬ್ಬರಿದ್ದರೂ ಅದು ಆ ಊರಿನ ಪುಣ್ಯ ಎಂದು ನಾನು ನಂಬಿದ್ದೇನೆ.

ಆ ಮನೆಗಳು ಯಾವುವು ಎಂಬುದು ಪೂರ್ತಿಯಾಗಿ ಗೊತ್ತಿದ್ದುದು ಅವರ ಹೆಂಡತಿಗೆ ಮಾತ್ರ, ಏಕೆಂದರೆ ಮೀನು ಶುಚಿಮಾಡಿ ಕಟ್ಟಿಕೊಡುತ್ತಿದ್ದವರು ಅವರು. ಅಕ್ಕನನ್ನು ಕೇಳಿ ಹೆಸರುಗಳನ್ನು ಬರೆದುಕೊಂಡು, ಜೊತೆಗೆ ಗಾಳ ಹಾಕುತ್ತಿದ್ದ ನಾವೆಲ್ಲ ಮನೆಗಳನ್ನು ಹಂಚಿಕೊಂಡೆವು. ಯಾರ ಮನೆಗೆ ಏನು ಒಗ್ಗುವುದಿಲ್ಲ, ಯಾರು ಸೋಮವಾರ ಮೀನು ತಿನ್ನುವುದಿಲ್ಲ ಎಂಬುದನ್ನೂ ಅವರೇ ಹೇಳಿದರು. ನಿಮ್ಮ ಗೆಳೆಯರ ಮನೆಯಲ್ಲಿಯೂ ಮೊದಲು ಇದನ್ನೇ ವಿಚಾರಿಸಿ ಎಂಬುದು ನನ್ನ ಮುಖ್ಯ ಸಲಹೆ. ಅವರು ಕೊಡುತ್ತಿದ್ದುದು ಮೀನಲ್ಲದೆ ಎರೆಯಾಗಿರಬಹುದು, ದೋಣಿಯಲ್ಲೊಂದು ಜಾಗವಾಗಿರಬಹುದು.

ಕೋಲುಗಳನ್ನು ಕಲಿಯುವ ಹುಡುಗರಿಗೆ ಕೊಡಿ. ರೀಲುಗಳನ್ನು ಸಿಹಿನೀರಿನಲ್ಲಿ ತೊಳೆದು, ಬಿಸಿಲಿಗೆ ಜೀರ್ಣವಾದ ಹಳೆಯ ದಾರವನ್ನು ತೆಗೆದು ಹೊಸದನ್ನು ಸುತ್ತಿ ಕೊಡುವುದು ಒಳ್ಳೆಯದು. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ ನೀರಿನ ಸೆಳೆತ ಜೋರು, ಅಷ್ಟಮಿಯ ಹೊತ್ತಿಗೆ ಸಡಿಲ ಎಂಬ ಲೆಕ್ಕದ ಜೊತೆಗೆ, ಯಾವ ಇಳಿತಕ್ಕೆ ಎಲ್ಲಿ ಕೂರಬೇಕೆಂದು ಅವರು ಹೇಳಿದ್ದನ್ನು ನೆನಪಿರುವಾಗಲೇ ಬರೆದಿಟ್ಟು ಆ ಹುಡುಗರಿಗೆ ತಿಳಿಸಿ. ಅವರು ದಿನವೂ ಬಳಸುತ್ತಿದ್ದ ಒಂದು ವಸ್ತುವನ್ನು ನಿಮಗಾಗಿ ಇಟ್ಟುಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ.

ವರ್ಷಾಂತಿಕದ ದಿನ ಅವರ ಮನೆಗೆ ಮೀನು ಒಯ್ಯುವ ಮೊದಲು ಅಲ್ಲಿನ ಪದ್ಧತಿಯನ್ನು ಕೇಳಿಕೊಳ್ಳಿ. ಬೇಡವೆಂದರೆ ಮರುದಿನದಿಂದ ಆರಂಭಿಸಿದರೂ ಸಾಕು. ಆ ದಿನ ಮಳೆಗಾಲದಲ್ಲಿ ಬಂದರೆ ಅಳಿವೆಯ ಬಾಯಿಯಲ್ಲಿ ಅಲೆಯ ಹೊಡೆತ ವಿಪರೀತವಾಗಿರುವುದರಿಂದ ಹುಡುಗರನ್ನು ಅಲ್ಲಿಗೆ ಕರೆದೊಯ್ಯದೆ ನದಿಯ ಒಳಭಾಗದಲ್ಲಿಯೇ ಗಾಳ ಹಾಕಿಸಿ.